ಒಂದು ಚಿಟಿಕೆ ಕೊಬ್ಬು

ಪುಟ್ಟಿಗೆ ಮೂವತ್ತೊಂದು ವರ್ಷ. ಆದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕೆಲಸದ ಜಾಗದಲ್ಲಿ ಅವಳಿಗೆ ಇಲಿ ಮೇಡಂ ಎಂಬ ಹೆಸರಿತ್ತು. ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಹೇಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ನಾಲ್ಕು ವರ್ಷದಿಂದ ದಪ್ಪ ಇಲಿಗಳ ಬೆನ್ನು ಬಿದ್ದವಳನ್ನು ಇನ್ನೇನೆಂದು ಕರೆದಾರು, ನೀವೇ ಹೇಳಿ.

ಓಡಿದರೆ ಕೊಬ್ಬಿನ ಒಳಗೆ ಏನಾಗುತ್ತದೆ ಎಂದು ನೋಡುವುದು ಅವಳ ಸಂಶೋಧನೆ. ಕರಗುತ್ತದೆ, ಇದನ್ನು ತಿಳಿಯೋಕೆ ನಾಲ್ಕು ವರ್ಷ ಬೇಕಾ ಎಂದು ಅಮ್ಮ ಒಮ್ಮೆ ಕೇಳಿದ್ದಳು. ಅಮ್ಮನದು ಭಾರೀ ಮೈ. ಡಾಕ್ಟರು ಹೇಳಿದರೆಂದು ದಿನಾ ಬೆಳಿಗ್ಗೆ ನಲವತ್ತು ನಿಮಿಷ ನಡೆದು ಬರುತ್ತಿದ್ದಳು. ಬಂದವಳೇ ತೂಕದ ಯಂತ್ರ ಹತ್ತಿ ನಿಂತು, ಮುಳ್ಳು ಇದ್ದಲ್ಲೇ ಇರುವುದನ್ನು ಕಂಡು ಯಂತ್ರಕ್ಕೆ ಬೈಯುತ್ತಿದ್ದಳು. ಆಗ ಪುಟ್ಟಿ ಅವಳನ್ನು ಕೂರಿಸಿಕೊಂಡು ವಿವರಿಸಿದ್ದಳು. ತೂಕ ಇಳಿಯದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಕೊಬ್ಬಿನ ಒಂದೊಂದು ಕಣದಲ್ಲೂ ಸಾವಿರಾರು ಜೀನುಗಳಿವೆ, ಕೆಲವು ಎಚ್ಚರವಾಗಿರುತ್ತವೆ, ಕೆಲವು ಗೊರಕೆ ಹೊಡೆಯುತ್ತಿರುತ್ತವೆ. ಮೈ ದಣಿದರೆ ಕೊಬ್ಬನ್ನು ಉರಿಸುವಂಥವು ಏಳುತ್ತವೆ, ಸುಮ್ಮನೆ ಉರಿಯೂತ ಎಬ್ಬಿಸಿಕೊಂಡು ಕೂತಂಥವು ಬಾಯಿ ಮುಚ್ಚುತ್ತವೆ.

"ಹಾಗಾದ್ರೆ ನನ್ನ ಕೊಬ್ಬಿಗೆ ಬುದ್ಧಿ ಬಂದಿದೆ, ಈ ದರಿದ್ರ ಯಂತ್ರಕ್ಕೆ ಬಂದಿಲ್ಲ ಅನ್ನು" ಎಂದಿದ್ದಳು ಅಮ್ಮ. ಮಾವ ಬಿದ್ದು ಬಿದ್ದು ನಕ್ಕಿದ್ದ.

ಮಾವ ಎಂದರೆ ಅಮ್ಮನ ತಮ್ಮ, ಪುಟ್ಟಿಯ ಸೋದರಮಾವ. ಮದುವೆಯಾಗಲಿಲ್ಲ. ಪುಟ್ಟಿಗೆ ಏಳು ವರ್ಷವಿದ್ದಾಗ ಅಪ್ಪ ಹೋದ, ಆ ತಿಂಗಳೇ ಮಾವ ಒಂದು ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಬಂದವನು ಇವತ್ತಿಗೂ ಅಲ್ಲೇ ಇದ್ದಾನೆ. ಸಂಶೋಧನಾಲಯದ ಪ್ರಾಣಿಮನೆ ನೋಡಿಕೊಳ್ಳುವ ಕೆಲಸ ಅವನದು, ಇಪ್ಪತ್ತಾರು ವರ್ಷದ ಸರ್ವೀಸು. ಅಪ್ಪನಿಲ್ಲದ ಮಗು ಮೂಲೆ ಹಿಡಿದು ಕೂತಿದೆಯಲ್ಲ ಎಂದು ಒಂದು ರಜೆಯ ದಿನ ಅವಳನ್ನು ಅಲ್ಲಿಗೆ ಕರೆದೊಯ್ದು, ಕಣ್ಣು ಬಿಡದ ಇಲಿಮರಿಯೊಂದನ್ನು ಅಂಗೈಯಲ್ಲಿ ಇಟ್ಟಿದ್ದ. ಅವಳು ಇಲಿ ಮೇಡಂ ಆದದ್ದು ಆ ದಿನವೇ. ಅವಳಿಗೆ ಜಗತ್ತಿನಲ್ಲಿ ಯಾರನ್ನಾದರೂ ಕಣ್ಣು ಮುಚ್ಚಿ ನಂಬಬಹುದಾಗಿದ್ದರೆ ಅದು ಮಾವನನ್ನು.

ಆದ್ದರಿಂದ ಅವಳ ಕೊನೆಯ, ದೊಡ್ಡ ಪ್ರಯೋಗ ಮಾವನ ಕೈಗೇ ಹೋಯಿತು. ಇಪ್ಪತ್ತನಾಲ್ಕು ಇಲಿಗಳು. ಹನ್ನೆರಡು ವಾರ ಜಿಡ್ಡು ತುಂಬಿದ ಆಹಾರ ತಿನ್ನಿಸಿ ಅವನ್ನು ಉಂಡೆ ಉಂಡೆಯಾಗಿ ಮಾಡಿದರು. ಆಮೇಲೆ ಎಂಟು ವಾರ ಹನ್ನೆರಡು ಇಲಿಗಳ ಪಂಜರದಲ್ಲಿ ಓಡುವ ಚಕ್ರ, ಉಳಿದ ಹನ್ನೆರಡಕ್ಕೆ ಚಕ್ರವಿಲ್ಲ. ಮಿಕ್ಕಿದ್ದೆಲ್ಲ ಒಂದೇ: ಅದೇ ಆಹಾರ, ಅದೇ ನೀರು, ಅದೇ ಬೆಳಕು. ಒಂದೊಂದು ಚಕ್ರಕ್ಕೂ ಸುತ್ತು ಎಣಿಸುವ ಪುಟ್ಟ ಮೀಟರು. ಇನ್ನೂ ಆರು ಚಕ್ರದ ಪಂಜರಗಳು ಸ್ಪೇರ್ ಎಂದು ಮೂಲೆಯಲ್ಲಿದ್ದವು. ಎಲ್ಲ ಹದಿನೆಂಟು ಮೀಟರುಗಳನ್ನೂ ಮಾವ ಮತ್ತು ಸೊಸೆ ಇಬ್ಬರೇ ಕೂತು ಸೊನ್ನೆಗೆ ತಂದಿದ್ದರು. ಪಂಜರಕ್ಕೊಂದು ಹಾಳೆ, ಹಾಳೆಯಲ್ಲಿ ದಿನಕ್ಕೊಂದು ಸಾಲು, ಸಾಲಿನ ಕೊನೆಯಲ್ಲಿ 'ಚಕ್ರ ಇದೆ', 'ಚಕ್ರ ಇಲ್ಲ' ಎಂಬ ಎರಡು ಮನೆ. ದಿನಾ ಒಂದಕ್ಕೆ ಗುರುತು ಹಾಕಿ ಮಾವ ಸಹಿ ಮಾಡಬೇಕು. ವಾರದಲ್ಲಿ ಐದು ದಿನ ಪುಟ್ಟಿಯೂ ಹೋಗಿ ನೋಡುತ್ತಿದ್ದಳು. ವಾರದ ಕೊನೆಗೆ ಬೇಡ, ನಾನಿದ್ದೀನಲ್ಲ, ಸ್ವಲ್ಪ ನಿದ್ದೆ ಮಾಡು ಎಂದು ಮಾವನೇ ಅವಳನ್ನು ಮನೆಯಲ್ಲಿ ಉಳಿಸಿದ್ದ. ಎಷ್ಟು ಪ್ರೀತಿ ನೋಡಿ!

ಎಂಟು ವಾರ ಮುಗಿಯಿತು. ಇಲಿಗಳನ್ನು ಸಾಯಿಸಿ, ಚರ್ಮದ ಕೆಳಗಿನ ಕೊಬ್ಬನ್ನು ತೆಗೆದು ಚೀಲಗಳಿಗೆ ತುಂಬಿ, ಹೆಸರಿನ ಚೀಟಿ ಅಂಟಿಸಿ ಫ್ರೀಜರಿಗೆ ಇಟ್ಟದ್ದು ಪುಟ್ಟಿಯೇ. ಆ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ. ಚೀಲದಿಂದ ಕೊಬ್ಬು ತೆಗೆದು ಅರೆದು, ಯಾವ ಜೀನು ಎದ್ದಿದೆ ಯಾವುದು ಮಲಗಿದೆ ಎಂದು ಹೇಳುವ ಆರ್‌ಎನ್‌ಎಯನ್ನು ಟ್ಯೂಬಿಗೆ ಇಳಿಸಿದವನು ಗಡಿಯಾರ.

ಗಡಿಯಾರ ಅವಳ ಜತೆಯ ಸಂಶೋಧಕ, ಅವಳಿಗಿಂತ ಎರಡು ವರ್ಷ ಚಿಕ್ಕವನು. ಎಂಟು ಐವತ್ತೈದಕ್ಕೆ ಬರುತ್ತಿದ್ದ, ಐದು ಐದಕ್ಕೆ ಹೋಗುತ್ತಿದ್ದ, ನಡುವೆ ನಾಲ್ಕು ಮಾತಾಡಿದರೆ ಹೆಚ್ಚು. ಕೆಲಸ ಮಾತ್ರ ಅಚ್ಚುಕಟ್ಟು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

ಫಲಿತಾಂಶ ಬಂದ ದಿನ ಪುಟ್ಟಿ ಹಾಳೆಯನ್ನು ಎರಡು ಸಲ ಓದಿದಳು. ಓಡಿದ ಹನ್ನೆರಡು ಇಲಿಗಳ ಕೊಬ್ಬು ಅವಳು ಅಂದುಕೊಂಡ ಹಾಗೇ ಇತ್ತು. ತೂಕದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ, ಒಳಗೆ ಮಾತ್ರ ಉರಿಸುವ ಜೀನುಗಳು ಎದ್ದು ಕೂತಿದ್ದವು. ಕೂತೇ ಇದ್ದ ಹನ್ನೆರಡರಲ್ಲಿ ಆರು ಸರಿಯಾಗಿದ್ದವು. ಉಳಿದ ಆರರ ಕೊಬ್ಬು, ಅಯ್ಯೋ, ಓಡಿದವುಗಳ ಕೊಬ್ಬಿನ ಹಾಗೇ ಇತ್ತು. ಒಂದು ಇಲಿ ಹಾಗಾದರೆ ಅದರ ಹಣೆಬರಹ ಎನ್ನಬಹುದು. ಆರು ಇಲಿ ಹಾಗಾದರೆ ಯಾರದೋ ಕೈವಾಡ.

ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ. ಅವರದು ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವುದು ಹೆಚ್ಚು. ಅವರು ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಪುಟ್ಟಿ, ಗಡಿಯಾರ, ಹಾಳೆಗಳ ಕಟ್ಟು ಹಿಡಿದುಕೊಂಡು ಮಾವ. ತಪ್ಪು ಎರಡೇ ಕಡೆ ಆಗಿರಲು ಸಾಧ್ಯ, ಪಂಜರದಲ್ಲಿ ಇಲ್ಲವೇ ಟ್ಯೂಬಿನಲ್ಲಿ, ಎಂದರು ಮೇಡಂ. ಆ ಆರು ಇಲಿಗಳು ಎಂದಾದರೂ ಚಕ್ರ ಮುಟ್ಟಿದ್ದವೇ ಎಂದು ಮಾವನನ್ನು ಕೇಳಿದರು.

"ಇಲ್ಲ ಮೇಡಂ" ಎಂದ ಮಾವ, ಹಾಳೆಗಳನ್ನು ಮುಂದೆ ತಳ್ಳಿದ. ಐವತ್ತಾರು ದಿನ, ಆರು ಪಂಜರ. ಒಂದೊಂದು ಸಾಲಿನಲ್ಲೂ 'ಚಕ್ರ ಇಲ್ಲ' ಎಂಬಲ್ಲಿ ಗುರುತು, ಪಕ್ಕದಲ್ಲಿ ಸಹಿ.

ಗಡಿಯಾರ ಅಂದು ಎಂದಿಗಿಂತ ಹೆಚ್ಚು ಮಾತಾಡಿದ. ಟ್ಯೂಬು ಅದಲುಬದಲಾಗಿಲ್ಲ ಎಂದ. ಬೇಕಾದರೆ ಪರೀಕ್ಷಿಸಿ, ಆ ಆರು ಚೀಲಗಳಲ್ಲಿ ಇನ್ನೂ ಒಂದೊಂದು ಚಿಟಿಕೆ ಕೊಬ್ಬು ಉಳಿದಿದೆ, ಬೇರೆ ಯಾರಾದರೂ ಮತ್ತೆ ಮೊದಲಿಂದ ತೆಗೆದು ನೋಡಲಿ ಎಂದ. ಪುಟ್ಟಿಗೆ ಅದು ಆಗದ ಮಾತು. ಆ ಚಿಟಿಕೆಗಳು ಅವಳ ಪ್ರಬಂಧದ ಕೊನೆಯ ಅಧ್ಯಾಯಕ್ಕೆಂದು ಮೀಸಲು. ಅದರಲ್ಲಿ ಇನ್ನೊಂದು ಪರೀಕ್ಷೆ ಆಗಬೇಕಿತ್ತು, ಅದಾಗದೆ ಅಧ್ಯಾಯವಿಲ್ಲ, ಅಧ್ಯಾಯವಿಲ್ಲದೆ ಪದವಿಯಿಲ್ಲ.

"ಅದನ್ನ ಮುಟ್ಟೋಕಾಗಲ್ಲ, ಕೊನೆ ಅಧ್ಯಾಯಕ್ಕೆ ಬೇಕು" ಎಂದಳು.

"ಹಾಗಾದ್ರೆ ಪಂಜರದಿಂದ ನೋಡ್ಕೊಂಡು ಬನ್ನಿ" ಎಂದ ಗಡಿಯಾರ.

"ಆ ಕೋಣೆಯಲ್ಲಿ ತಪ್ಪಾಗಲ್ಲ. ಅಲ್ಲಿರೋದು ನಮ್ಮ ಮಾವ."

ಆ ಮಾತು ಹೇಳುವಾಗ ಅವಳಿಗೆ ಹೆಮ್ಮೆಯೇ ಆಗಿತ್ತು. ಮಾವ ತಲೆ ತಗ್ಗಿಸಿ ಹಾಳೆ ಜೋಡಿಸುತ್ತಿದ್ದ. ಸಂಕೋಚವಿರಬೇಕು ಎಂದುಕೊಂಡಳು. ತಪ್ಪು ಟ್ಯೂಬಿನದೇ ಎಂದಾಯಿತು, ಆ ವಾರವೇ ಗಡಿಯಾರನಿಂದ ಸಂಶೋಧನಾಲಯದ ಬಾಗಿಲು ತೆರೆಯುವ ಕಾರ್ಡು ವಾಪಸು ಪಡೆದರು. ಅವನ ಮೇಜು ಖಾಲಿಯಾಯಿತು. ಹೋಗುವಾಗ ಅವನು ಯಾರ ಮೇಲೂ ರೇಗಲಿಲ್ಲ, ತನ್ನ ಪೆನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡು ಐದು ಐದಕ್ಕೆ ಹೊರಟುಹೋದ. ಟ್ಯೂಬಿನ ಕೆಟ್ಟ ಆರು ಫಲಿತಾಂಶ ಬಿಟ್ಟು ಒಳ್ಳೆಯ ಆರರ ಮೇಲೆ ಪ್ರಬಂಧ ಬರೆ, ಚೀಲದಲ್ಲಿರುವ ಕೊಬ್ಬು ಸರಿಯಿದೆ, ಅದು ಕೊನೆಯ ಅಧ್ಯಾಯಕ್ಕಿರಲಿ ಎಂದರು ದೊಡ್ಡ ಮೇಡಂ. ಪುಟ್ಟಿ ಬರೆಯತೊಡಗಿದಳು.

ಮೂರು ವಾರ ಕಳೆಯಿತು. ಪ್ರಬಂಧಕ್ಕೆ ಚಕ್ರದ ಪಂಜರದ ಒಂದು ರೇಖಾಚಿತ್ರ ಬರೆಯಬೇಕಾಗಿ ಪುಟ್ಟಿ ಒಂದು ಮಧ್ಯಾಹ್ನ ಪ್ರಾಣಿಮನೆಗೆ ಹೋದಳು. ಮಾವ ಆಹಾರದ ಮೂಟೆ ಇಳಿಸಿಕೊಳ್ಳಲು ಹಿಂಬಾಗಿಲಿಗೆ ಹೋಗಿದ್ದ. ಕೈಗೆ ಸಿಕ್ಕಿದ್ದು ಮೂಲೆಯ ಸ್ಪೇರ್ ಪಂಜರ. ಅಳತೆ ಬರೆದುಕೊಳ್ಳಲೆಂದು ಎತ್ತಿ ಮೇಜಿನ ಮೇಲಿಟ್ಟಳು. ಮೀಟರಿನ ಮೇಲೆ ಧೂಳಿತ್ತು, ಹೆಬ್ಬೆರಳಿನಿಂದ ಒರೆಸಿದಳು.

ತೊಂಬತ್ತನಾಲ್ಕು ಸಾವಿರದ ಇನ್ನೂರ ಹನ್ನೊಂದು.

ಕೆಟ್ಟಿರಬೇಕು ಎಂದುಕೊಂಡಳು. ಎರಡನೆಯದನ್ನು ಒರೆಸಿದಳು, ಎಂಬತ್ತೇಳು ಸಾವಿರದ ಚಿಲ್ಲರೆ. ಮೂರನೆಯದು, ನಾಲ್ಕನೆಯದು. ಆರೂ ಹಾಗೇ. ಯಾವ ಇಲಿಯೂ ಕಾಲಿಡದ ಪಂಜರದಲ್ಲಿ ಒಂದೊಂದು ಚಕ್ರವೂ ಮೂವತ್ತು ಮೂವತ್ತೈದು ಕಿಲೋಮೀಟರು ಓಡಿತ್ತು. ಆರು ಪಂಜರ, ಆರು ಇಲಿ. ಇದನ್ನು ಕೂಡಿಸಲು ಡಾಕ್ಟರೇಟು ಬೇಕಾಗಿಲ್ಲ. ಅವಳು ಆರು ಸಂಖ್ಯೆಗಳನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡು, ಪಂಜರಗಳನ್ನು ಇದ್ದ ಹಾಗೇ ಜೋಡಿಸಿ ಹೊರಬಂದಳು. ಮೊಬೈಲಿನಲ್ಲಿ ಒಂದು ಫೋಟೊ ಹಿಡಿಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮನೆಯವರ ಮೇಲೆ ಸಾಕ್ಷಿ ಕೂಡಿಡುವ ಅಭ್ಯಾಸ ಯಾರಿಗಿರುತ್ತದೆ?

ಸಂಜೆ ಮನೆಯಲ್ಲಿ ಮಾವ ಕೈಕಾಲು ತೊಳೆದು ಬಂದು ಕೂರುವುದನ್ನೇ ಕಾದಿದ್ದು ಪುಸ್ತಕ ತೆರೆದು ಅವನ ಮುಂದಿಟ್ಟಳು. ಮಾವ ಸಂಖ್ಯೆಗಳನ್ನು ನೋಡಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ಎಲ್ಲವನ್ನೂ ಹೇಳಿದ. ಮೂರನೆಯ ವಾರ ಪಂಜರ ತೊಳೆಯುವ ಯಂತ್ರ ಕೆಟ್ಟಿತ್ತು, ಕೊನೆಯವರೆಗೂ ರಿಪೇರಿಯಾಗಲಿಲ್ಲ. ಕೈಯಲ್ಲೇ ತೊಳೆದು ಒಣಗಿಸಬೇಕಾಗಿ ಬಂತು. ಕೆಳಗಿನ ಸಾಲಿನ ಆರು ಇಲಿಗಳನ್ನು ಶುಕ್ರವಾರ ಸಂಜೆ ಸ್ಪೇರ್ ಪಂಜರಗಳಿಗೆ ಹಾಕುತ್ತಿದ್ದ, ಸೋಮವಾರ ಪುಟ್ಟಿ ಬರುವ ಮುಂಚೆ ವಾಪಸು. ಮೊದಲು ಚಕ್ರ ಬಿಚ್ಚಿಡಬೇಕಿತ್ತು. ನಟ್ಟುಗಳು ಬಿಗಿಯಾಗಿದ್ದವು, ಅವನ ಮಣಿಕಟ್ಟು ನೋಯುತ್ತಿತ್ತು.

"ಚಕ್ರ ಕಂಡೇ ಇರದ ದಪ್ಪ ಇಲಿ ಎಲ್ಲಿ ಓಡುತ್ತೆ ಅಂದ್ಕೊಂಡೆ ಪುಟ್ಟಿ. ಶನಿವಾರ ಬಂದು ನೋಡಿದ್ರೆ ಆರೂ ಓಡ್ತಾ ಇದ್ವು."

"ಆವತ್ತೇ ಯಾಕೆ ಹೇಳಲಿಲ್ಲ?"

ಹೇಳಿದರೆ ಆರು ಇಲಿ ಕೈಬಿಟ್ಟು ಹೋಗುತ್ತಿದ್ದವು, ಅವಳ ವರ್ಷ ಹಾಳಾಗುತ್ತಿತ್ತು, ತನ್ನ ಕೆಲಸಕ್ಕೂ ಸಂಚಕಾರ. ಒಂದು ಸಲ ಓಡಿದ್ದು ಓಡಿದ್ದೇ ಎಂದು ಮುಂದಿನ ವಾರಗಳಲ್ಲೂ ಹಾಗೇ ಬಿಟ್ಟ. ಮೂರು ದಿನದ ಓಟ ಕೊಬ್ಬಿಗೆ ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡನಂತೆ. ಕೊಬ್ಬಿಗೆ ಎಲ್ಲ ಗೊತ್ತಾಗುತ್ತದೆ ಎಂದು ಅವಳು ಅದೇ ಮನೆಯಲ್ಲಿ ನಾಲ್ಕು ವರ್ಷ ಬಾಯಿ ನೋಯಿಸಿಕೊಂಡಿದ್ದಳು.

"ಅವನೊಬ್ಬನೇ ಒಳಗೊಳಗೆ ಕೊರಗಿದ್ದಾನೆ, ಪಾಪ" ಎಂದಳು ಅಮ್ಮ, ಬಾಗಿಲಲ್ಲಿ ನಿಂತು. "ನಾನೇ ಹೇಳಿದ್ದು, ಮಗುಗೆ ಹೇಳಬೇಡ, ತಲೆ ಕೆಡಿಸ್ಕೋತಾಳೆ ಅಂತ."

ಪುಟ್ಟಿ ತಿರುಗಿ ನೋಡಿದಳು. "ನಿನಗೆ ಯಾವಾಗಿಂದ ಗೊತ್ತು?"

ಮೂರನೆಯ ವಾರದಿಂದ ಗೊತ್ತಿತ್ತು. ಅಂದರೆ ಇವಳು ಊಟಕ್ಕೆ ಕೂತು ಈ ವಾರ ಹೀಗಾಯಿತು, ಆ ವಾರ ಹಾಗಾಯಿತು ಎಂದು ಬಾಯಿತುಂಬ ಹೇಳುವಾಗ ಇವರಿಬ್ಬರೂ ಹೂಂಗುಟ್ಟುತ್ತಿದ್ದರು. ಗಡಿಯಾರನನ್ನು ಓಡಿಸಿದ ದಿನ ಇವಳು ಮನೆಗೆ ಬಂದು, ಎಂಥ ಮನುಷ್ಯ ನೋಡಮ್ಮ, ಜತೆಗಿದ್ದೇ ಕತ್ತು ಕೊಯ್ದ ಎಂದಾಗ ಅಮ್ಮ ತಲೆ ಸವರಿದ್ದಳು. ಮೂವರಿರುವ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಪುಟ್ಟಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು ನನ್ನ ಮುಖ ನೋಡಿ ಹೇಗೆ ನಕ್ಕಿರಿ ಎಂದು ಕೇಳಿದಳು.

ಕೊನೆಗೆ ಮಾವ ಅವಳ ಕೈ ಹಿಡಿದುಕೊಂಡ. "ನಾಳೆ ಬೆಳಿಗ್ಗೆ ನಾನೇ ದೊಡ್ಡ ಮೇಡಂ ಹತ್ರ ಹೇಳ್ತೀನಿ. ನೀನು ಹೇಳಬೇಡ. ನನ್ನ ಬಾಯಿಂದಲೇ ಬರಲಿ."

ಅವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ, ಮಾವ ಅಲ್ಲವೇ. ಮನಸ್ಸು ಒಂದು ಗುಲಗಂಜಿಯಷ್ಟು ಹಗುರವೂ ಆಯಿತು.

ಬೆಳಿಗ್ಗೆ ಅವಳು ಏಳುವ ಮೊದಲೇ ಮಾವ ಹೊರಟುಹೋಗಿದ್ದ. ಹತ್ತು ಗಂಟೆಯವರೆಗೆ ಕಾದಳು, ಹನ್ನೊಂದಾಯಿತು. ದೊಡ್ಡ ಮೇಡಂ ಕೋಣೆಯ ಮುಂದೆ ಎರಡು ಸಲ ಹಾದುಹೋದಳು. ಮಾವ ಬಂದಿರಲಿಲ್ಲ. ಧೈರ್ಯ ಸಾಲುತ್ತಿಲ್ಲವೇನೋ ಪಾಪ, ಕೈಹಿಡಿದು ಕರೆತಂದರಾಯಿತು ಎಂದುಕೊಂಡು ಒಳಗೆ ಹೋಗಿ, ಆ ಆರು ಇಲಿಗಳ ವಿಷಯಕ್ಕೆ ಪ್ರಾಣಿಮನೆಯಲ್ಲಿ ಒಂದು ನೋಡುವಂಥದ್ದಿದೆ ಬನ್ನಿ ಎಂದು ದೊಡ್ಡ ಮೇಡಂ ಅವರನ್ನು ಎಬ್ಬಿಸಿಕೊಂಡು ಹೋದಳು. ಸ್ಪೇರ್ ಪಂಜರಗಳು ತೊಳೆದು ಪಳಪಳ ಹೊಳೆಯುತ್ತಿದ್ದವು. ಅವಳು ಮೊದಲನೆಯ ಮೀಟರನ್ನು ನೋಡಿದಳು. ಸೊನ್ನೆ. ಆರಕ್ಕೆ ಆರೂ ಸೊನ್ನೆ.

"ಬ್ಯಾಟರಿ ಹಳೇದಾಗಿತ್ತು ಮೇಡಂ, ಬದಲಾಯಿಸಿದೆ" ಎಂದ ಮಾವ. ಕಣ್ಣು ದೊಡ್ಡ ಮೇಡಂ ಕಡೆ ಇತ್ತು, ಅಪ್ಪಿತಪ್ಪಿಯೂ ಪುಟ್ಟಿಯ ಕಡೆ ತಿರುಗಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಯನ್ನು ಪುಟ್ಟಿ ಚಿಕ್ಕಂದಿನಿಂದ ಕೇಳಿದ್ದಳು. ಬೇಲಿಗೆ ಇಂಥ ಶಾಂತವಾದ ಮುಖವಿರುತ್ತದೆ ಎಂದು ಗಾದೆ ಹೇಳಿರಲಿಲ್ಲ. ಮೊದಲಿನದನ್ನು ಅವನು ಭಯಕ್ಕೆ ಮಾಡಿದ್ದ, ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಇದು ಅವಳ ಕೈ ಹಿಡಿದು ಮಾತು ಕೊಟ್ಟ ಮೇಲೆ ಮಾಡಿದ್ದು. ಅವಳು ಪುಸ್ತಕ ತೆರೆದು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೊಡ್ಡ ಮೇಡಂ ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು, ಒಮ್ಮೆ ಮಾವನನ್ನು ನೋಡಿದರು. ನೀನು ಬರೆದುಕೊಂಡ ಆರು ಸಂಖ್ಯೆ ಸಾಕ್ಷಿಯಾಗುವುದಿಲ್ಲ, ಇಪ್ಪತ್ತಾರು ವರ್ಷ ಕೆಲಸ ಮಾಡಿದವನ ಸಹಿ ಇದೆ ಎಂದರು.

ಆಗ ಪುಟ್ಟಿಗೆ ಉಳಿದಿದ್ದು ಒಂದೇ ಸಾಕ್ಷಿ. ಅದು ಫ್ರೀಜರಿನಲ್ಲಿತ್ತು. ಚೀಲದ ಚೀಟಿ ಅವಳದೇ ಕೈಬರಹ, ಅದನ್ನು ಗಡಿಯಾರ ಬದಲಿಸಿರಲು ಸಾಧ್ಯವಿಲ್ಲ. ಅದೇ ಚೀಲದಿಂದ ಅವಳೇ ಮತ್ತೆ ತೆಗೆದು ನೋಡಿದಾಗಲೂ ಕೊಬ್ಬು ಓಡಿದ ಕೊಬ್ಬೇ ಆಗಿದ್ದರೆ ಟ್ಯೂಬು ಬದಲಾಗಿಲ್ಲ ಎಂದರ್ಥ. ಆಮೇಲೆ ಉಳಿಯುವುದು ಪಂಜರವೊಂದೇ. ಹಾಗೆ ಮಾಡಿದರೆ ಚಿಟಿಕೆ ಖರ್ಚಾಗುತ್ತದೆ, ಕೊನೆಯ ಅಧ್ಯಾಯ ಹೋಗುತ್ತದೆ, ಇಪ್ಪತ್ತನಾಲ್ಕು ಹೊಸ ಇಲಿ ತಂದು ಇಪ್ಪತ್ತು ವಾರ ಮೊದಲಿಂದ ಶುರು. ಮಾಡದಿದ್ದರೆ ಇನ್ನೆರಡು ತಿಂಗಳಿಗೆ ಅವಳು ಡಾಕ್ಟರು. ಫ್ರೀಜರಿನ ಬಾಗಿಲು ತೆರೆದು ಅವಳು ಎಷ್ಟೋ ಹೊತ್ತು ನಿಂತಿದ್ದಳು. ಬಾಗಿಲು ಹಾಕಿ ಎಂದು ಯಂತ್ರ ಕಿರುಗುಟ್ಟತೊಡಗಿದಾಗ ಆರು ಚೀಲಗಳನ್ನೂ ಎತ್ತಿಕೊಂಡಳು.

ಎರಡು ದಿನ ಹಿಡಿಯಿತು. ಫಲಿತಾಂಶದ ಹಾಳೆ ಹೊರಬಂದಾಗ ಆರಕ್ಕೆ ಆರೂ ಓಡಿದ ಇಲಿಗಳ ಕೊಬ್ಬು. ಗಡಿಯಾರನ ಸಂಖ್ಯೆಗಳ ಪಕ್ಕದಲ್ಲಿಟ್ಟರೆ ಕೂದಲೆಳೆಯ ವ್ಯತ್ಯಾಸ. ದೊಡ್ಡ ಮೇಡಂ ಎರಡೂ ಹಾಳೆಗಳನ್ನು ಜೋಡಿಸಿಟ್ಟು ಮಾವನನ್ನು ಕರೆಸಿದರು. ಈ ಸಲ ಮಾವ ಸುಳ್ಳು ಹೇಳಲಿಲ್ಲ. ಅವನನ್ನು ಪ್ರಾಣಿಮನೆಯಿಂದ ತೆಗೆದು ಉಗ್ರಾಣದಲ್ಲಿ ಮೂಟೆ ಲೆಕ್ಕ ಇಡುವ ಕೆಲಸಕ್ಕೆ ಹಾಕಿದರು. ಮನೆಯಲ್ಲಿ ಅಮ್ಮ ಮಗಳೊಡನೆ ಮಾತು ಬಿಟ್ಟಳು. ಬಿಡುವ ಮುಂಚೆ, ಎತ್ತಿ ಆಡಿಸಿದವನನ್ನ ಬೀದಿಗೆ ಎಳೆದೆಯಲ್ಲೇ ಎಂದು ಕೇಳಿದಳು. ಯಾರು ಯಾರನ್ನು ಎಳೆದರು ಎಂದು ಪುಟ್ಟಿ ವಾದಿಸಲು ಹೋಗಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ತನ್ನ ಕೋಣೆಯಲ್ಲಿ ಕೂತು ತಿಂದಳು. ಮಾವ ಹೊರಗಿನ ಕುರ್ಚಿಯಲ್ಲಿ ಮಣಿಕಟ್ಟು ನೀವಿಕೊಳ್ಳುತ್ತ ಕೂತಿರುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

ಗಡಿಯಾರನನ್ನು ವಾಪಸು ಕರೆಯುವ ಪತ್ರ ತಯಾರಾಯಿತು. ಅಂಚೆಗೆ ಹಾಕಬೇಡಿ, ನಾನೇ ಕೊಡುತ್ತೇನೆ ಎಂದಳು ಪುಟ್ಟಿ. ಹೊಸ ಇಲಿಗಳ ಕೆಲಸಕ್ಕೆ ಅವನು ಜತೆಗಿರಲಿ ಎಂಬ ಆಸೆಯೂ ಇತ್ತು. ಅವನೀಗ ಪೇಟೆಯ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿದ್ದ. ಕಿರಿದಾದ ಕೋಣೆ, ಗೋಡೆಗೆ ಒರಗಿದ ಬೆಂಚಿನ ಮೇಲೆ ತೋಳು ಮಡಿಸಿಕೊಂಡು ಕಾಯುವ ಜನ, ಮೇಜಿನ ಪಕ್ಕ ರಕ್ತ ಕೊಡುವವರು ಕೂರುವ ಒಂದು ಕುರ್ಚಿ. ಪುಟ್ಟಿ ತನ್ನ ಸರದಿ ಬರುವವರೆಗೆ ಕಾದು ಆ ಕುರ್ಚಿಯಲ್ಲಿ ಕೂತಳು. ಅವನು ತಲೆಯೆತ್ತಿ ನೋಡಿ, ಟ್ಯೂಬಿಗೆ ಚೀಟಿ ಅಂಟಿಸುವುದನ್ನು ಮುಂದುವರಿಸಿದ. ಅದೇ ಮುತ್ತಿನಂಥ ಅಕ್ಷರ.

ಪತ್ರವನ್ನು ಮೇಜಿನ ಮೇಲಿಟ್ಟು ಅವಳು ಎಲ್ಲ ಹೇಳಿದಳು. ಮಾವ ಮಾಡಿದ್ದು, ಅಮ್ಮನಿಗೆ ಗೊತ್ತಿದ್ದದ್ದು, ಮೀಟರು ಸೊನ್ನೆಯಾದದ್ದು, ಯಾವುದನ್ನೂ ಬಿಡಲಿಲ್ಲ. ನನ್ನ ಮನೆಯವರೇ ನನಗೆ ಮೋಸ ಮಾಡಿದರು ಎಂದಳು. ತಪ್ಪಾಯಿತು, ಕ್ಷಮಿಸಿ ಎಂದಳು. ಆ ಚಿಟಿಕೆ ಕೊಬ್ಬನ್ನೂ ಖರ್ಚು ಮಾಡಿದೆ, ನಿಮ್ಮ ಹೆಸರಿಗೆ ಇನ್ನು ಕಳಂಕವಿಲ್ಲ ಎಂದಳು.

ಗಡಿಯಾರ ಕೈಯಲ್ಲಿದ್ದ ಚೀಟಿಯನ್ನು ನೆರಿಗೆಯಿಲ್ಲದೆ ಅಂಟಿಸಿ, ಟ್ಯೂಬನ್ನು ಗೂಡಿನಲ್ಲಿ ಇಟ್ಟ.

"ಮಾವನ್ನ ನಂಬಿದ್ದು ತಪ್ಪಲ್ಲ" ಎಂದ. "ಯಾರಾದ್ರೂ ನಂಬ್ತಾರೆ. ಆದ್ರೆ ಆ ಚಿಟಿಕೆ ಅವತ್ತೂ ಇತ್ತು. ನಾನೇ ಕೇಳಿದ್ದೆ. ಆಗ ಅದಕ್ಕಿದ್ದ ಬೆಲೆ ನನಗಿರಲಿಲ್ಲ."

ಅವನು ಪತ್ರವನ್ನು ತೆರೆಯದೆ ಅವಳ ಕಡೆಗೇ ಸರಿಸಿ, ಬೆಂಚಿನ ಕಡೆ ನೋಡಿ ಮುಂದಿನವರನ್ನು ಕರೆದ. ಒಬ್ಬ ಮುದುಕಿ ತೋಳು ಮೇಲೇರಿಸುತ್ತ ಬಂದು ಕುರ್ಚಿಯ ಪಕ್ಕ ನಿಂತಳು. ಪುಟ್ಟಿ ಎದ್ದು ಅವಳಿಗೆ ಜಾಗ ಬಿಟ್ಟಳು.